ಸುತ್ತು ಹೊಡೆದು ದಿಕ್ಕು ಕಲಿತ ಕಾರು

ಕಳೆದ ಭಾನುವಾರ ನನ್ನ ಕಾರು ಒಬ್ಬ ಮೇಸ್ತ್ರಿಯ ಮಾನ ಕಳೆಯುವುದರಲ್ಲಿತ್ತು. ಅದಕ್ಕೆ ಕುಮ್ಮಕ್ಕು ಕೊಟ್ಟವಳು ನಾನೇ.

ಮಳವಳ್ಳಿಯಲ್ಲಿ ನನ್ನ ತಂಗಿ ಸುಮಿತ್ರಾ ಮನೆ ಕಟ್ಟಿಸುತ್ತಿದ್ದಾಳೆ. ಮಾರನೆಯ ದಿನ ಬಾಗಿಲ ಚೌಕಟ್ಟು ನಿಲ್ಲಿಸುವ ಪೂಜೆ. ಒಂದು ಸಲ ನೋಡಿ ಬರೋಣ ಅಂತ ಮಂಡ್ಯದಿಂದ ಹೊರಟೆ. ನನ್ನದು ಈಚೆಗೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಒಳಗೆ ಡ್ರೈವರ್ ಹಿಂದಿನ ರಸ್ತೆ ನೋಡುವ ಕನ್ನಡಿಯ ಮೂಲೆಯಲ್ಲಿ ಪುಟ್ಟದೊಂದು ದಿಕ್ಸೂಚಿ ಇದೆ. ಕಾರಿನ ಮೂತಿ ಯಾವ ಕಡೆಗಿದೆ ಅಂತ ತೋರಿಸುತ್ತದೆ. (ಮಂಡ್ಯದಿಂದ ಮಳವಳ್ಳಿಗೆ ಹೋಗಲು ಅದು ಯಾಕೆ ಅಂತ ಕೇಳಬೇಡಿ. ಇದ್ದದ್ದನ್ನು ತೋರಿಸಿಕೊಳ್ಳಬೇಕಲ್ಲ!)

ಸೈಟಿನ ಮುಂದೆ, ಬಾಗಿಲು ನೋಡುವ ದಿಕ್ಕಿಗೇ ನೇರವಾಗಿ ಕಾರು ನಿಲ್ಲಿಸಿದೆ. ಬಾಗಿಲು ಪೂರ್ವಕ್ಕೆ ಅಂತ ತಂಗಿ ಹೇಳಿದ್ದಳು. ಕನ್ನಡಿ ಆಗ್ನೇಯ ಅನ್ನುತ್ತಿತ್ತು. ಸುಮ್ಮನಿರಬಹುದಿತ್ತು. ಇದ್ದೆನೆ?

"ಅಯ್ಯೋ ಅಕ್ಕ, ಆಗ್ನೇಯಕ್ಕಾ?"

ಸುಮಿತ್ರಾಳ ಮುಖ ಬಿಳಿಚಿಕೊಂಡಿತು. ಕೆಲಸ ನಿಂತಿತು. ನನ್ನನ್ನು ಪಕ್ಕಕ್ಕೆ ಎಳೆದು, "ಮೇಸ್ತ್ರೀನೇ ಬದಲಾಯಿಸ್ಬುಡಾನಾ?" ಅಂದಳು. ನಾನು ಹೂಂ ಅಂದೆ. ಈಗ ನೆನೆದರೆ ನಾಚಿಕೆ.

ಪುಟ್ಟಸ್ವಾಮಿ ಮೇಸ್ತ್ರಿಗೆ ಅರವತ್ತು ದಾಟಿದೆ. ಎರಡು ದಿನ ಗೂಟ ನೆಟ್ಟು, ಬೆಳಗ್ಗೆ ಸಂಜೆ ಅದರ ನೆರಳಿಗೆ ಗುರುತು ಹಾಕಿ ಪೂರ್ವ ಗೊತ್ತುಮಾಡಿಕೊಂಡು, ಆಮೇಲೆ ಬಾಗಿಲಿಗೆ ದಾರ ಕಟ್ಟಿದವರು. ಕೂಗಾಡುತ್ತಾರೆ ಅಂದುಕೊಂಡೆ. ಅವರು ಬಗ್ಗಿ ಕನ್ನಡಿಯನ್ನೇ ನೋಡಿದರು.

"ಮಟ್ಟ ನೋಡಾಕೆ ಒಸಾ ರಸಮಟ್ಟ ತಂದ್ರೂ ನಾನು ಸುಮ್ಕೆ ನಂಬಾಕಿಲ್ಲ ಕಣವ್ವ. ಒಂದ್ ದಪ ಇಟ್ಟು ಒಳಗಿನ ಗುಳ್ಳೆ ಎಲ್ಲಿ ಅದೆ ನೋಡ್ತೀನಿ. ಆಮ್ಯಾಕೆ ಅದನ್ನೇ ತಿರುಗ್ಸಿ ಇಡ್ತೀನಿ. ಗುಳ್ಳೆ ಜಾಗ ಬುಡ್ನಿಲ್ಲ ಅಂದ್ರೆ ಸರಿ. ನಿಮ್ ಕಾರ್ನೂ ಅಂಗೆ ತಿರುಗ್ಸಿ ನೋಡಕಾಯ್ತದಾ?"

ಕಾರಿನ ಜೊತೆ ಬಂದ ಪುಸ್ತಕವನ್ನು ಅವತ್ತೇ ಮೊದಲ ಸಲ ಬಿಡಿಸಿದ್ದು. ತಿರುಗಿಸಿ ನೋಡುವ ದಾರಿ ಇತ್ತು! ಕಬ್ಬಿಣ, ಕರೆಂಟು ತಂತಿ ಇಲ್ಲದ ಬಯಲಿಗೆ ಹೋಗಿ, ಬಟನ್ ಒತ್ತಿ ಹಿಡಿದು, ಕನ್ನಡಿಯಲ್ಲಿ 'ಸಿ' ಅಕ್ಷರ ಮೂಡಿದ ಮೇಲೆ ಕಾರನ್ನು ನಿಧಾನವಾಗಿ ದುಂಡಗೆ ಸುತ್ತಿಸಬೇಕಂತೆ; ಆಗ ದಿಕ್ಸೂಚಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದಂತೆ. ಹತ್ತಿರ ಅಯಸ್ಕಾಂತ ಇರಬಾರದಂತೆ. ನಾನೋ, ಕನ್ನಡಿಯ ಕೆಳಗೇ ಅಯಸ್ಕಾಂತದ ಮೊಬೈಲ್ ಹೋಲ್ಡರ್ ಅಂಟಿಸಿದ್ದೆ. ಸಾಲದ್ದಕ್ಕೆ ಕಾರು ನಿಲ್ಲಿಸಿದ್ದು ಕಂಬಿಯ ರಾಶಿಯ ಪಕ್ಕದಲ್ಲಿ.

ಹೋಲ್ಡರ್ ಕಿತ್ತೆ. ಮೇಸ್ತ್ರಿ ಮುಂದಿನ ಸೀಟಿನಲ್ಲಿ ಬಂದು ಕೂತರು.

"ನನ್ ದಾರ ತಪ್ಪಿದ್ರೆ ಈಗ್ಲೇ ಗೊತ್ತಾಗ್ಲಿ. ನಾಳೆ ಬಾಗ್ಲು ನಿಂತ್ಮ್ಯಾಲೆ ಗೊತ್ತಾಗಿ ಏನ್ ಮಾಡಾನಾ?"

ಊರಾಚೆ ಕೊಯ್ಲಾದ ಬಯಲು. ನಡಿಗೆಯ ವೇಗದಲ್ಲಿ ಒಂದು ಸುತ್ತು, ಎರಡು ಸುತ್ತು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು, "ಯಾಕವ್ವ, ಕಾರ್ಗೆ ದೆವ್ವ ಇಡ್ಕತಾ?" ಅಂದಳು. ಮೇಸ್ತ್ರಿ ನಗಲಿಲ್ಲ. ಕಣ್ಣು ಕನ್ನಡಿಯ ಮೇಲೆ. ಮೂರನೆಯ ಸುತ್ತಿಗೆ 'ಸಿ' ಮಾಯವಾಗಿ ದಿಕ್ಕು ಬಂತು.

ವಾಪಸು ಬಂದು, ಕಂಬಿಯಿಂದ ದೂರ, ಮೊದಲಿನಂತೆಯೇ ಬಾಗಿಲ ದಿಕ್ಕಿಗೆ ನಿಲ್ಲಿಸಿದೆ. ಮೂವರೂ ಒಳಗೆ ಇಣುಕಿದೆವು.

ಪೂರ್ವ.

"ತಪ್ಪಾಯ್ತು ಮೇಸ್ತ್ರಿ," ಅಂದೆ. "ಬುಡಿ ಬುಡಿ, ಅದೂ ಒಂದು ಸಾಮಾನು ತಾನೆ," ಅಂದವರೇ ಟೇಪು ಹಿಡಿದು ಬಾಗಿಲ ದಾರದ ಹತ್ತಿರ ಹೋಗಿ ಮತ್ತೆ ಅಳೆಯತೊಡಗಿದರು.

"ಇನ್ಯಾಕ್ ಮೇಸ್ತ್ರಿ? ನೀವೇ ಗೆದ್ರಲ್ಲ!" ಅಂದಳು ಸುಮಿತ್ರಾ.

"ಅದು ತೋರ್ಸಾದು ಎಂಟೇ ದಿಕ್ಕು ಕಣವ್ವ. ನನ್ ದಾರ ಎಳ್ಳಷ್ಟು ಓರೆ ಇದ್ರೆ ಅದ್ಕೆಲ್ಲಿ ಗೊತ್ತಾದದು?"

ಸರಿ ಅನ್ನಿಸಿಕೊಂಡ ಮೇಲೂ ಇನ್ನೊಮ್ಮೆ ಅಳೆದು ನೋಡುವವರು ನಮ್ಮಲ್ಲಿ ಎಷ್ಟು ಮಂದಿ?