ಇರುವೆಗಳು ಆರಿಸಿದ ಬಟ್ಟೆ

ಕೋಟೆಯ ಚಿತ್ರಕ್ಕೆ ಬಟ್ಟೆ ಆರಿಸಿದ್ದು ನಾನಲ್ಲ, ಮೊಮ್ಮಗಳೂ ಅಲ್ಲ. ಇರುವೆಗಳು. ಮನೆಗೆ ಬಂದವರಿಗೆಲ್ಲ ನನ್ನ ಮಗ ಅದನ್ನು ಅಮ್ಮನ ಕೈಗುಣ ಎಂದು ಹೇಳಿಕೊಂಡು ಬರುತ್ತಿದ್ದಾನೆ. ಸುಳ್ಳು.

ಮದ್ರಾಸು ಹೆಸರು ಬದಲಿಸಿಕೊಂಡು ಚೆನ್ನೈ ಆಗಿ ಎರಡೋ ಮೂರೋ ವರ್ಷ ಕಳೆದಿತ್ತು. ತ್ರಿಪ್ಲಿಕೇನಿನಲ್ಲಿ ಕೆಳಗೆ ನಮ್ಮ ಸಣ್ಣ ಹೋಟೆಲು, ಮೇಲೆ ಮನೆ. ಉಡುಪಿ ಕಡೆಯಿಂದ ಬಂದು ಅದನ್ನು ಶುರು ಮಾಡಿದವರು ನನ್ನ ಗಂಡ. ಅವರು ಹೋದ ಮೇಲೆ ಮಗ ನಡೆಸುತ್ತಿದ್ದ. ಮೊಮ್ಮಗಳು ಆಗ ಎಂಟನೆಯ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಎದುರುತ್ತರ ಕೊಡುತ್ತಿದ್ದಳು. ಜಗಳಕ್ಕೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.

ಅವಳ ಶಾಲೆಯಲ್ಲಿ ಚರಿತ್ರೆಯ ಟೀಚರೂ ಹೊಲಿಗೆಯ ಟೀಚರೂ ಸೇರಿ ಒಂದು ಕೆಲಸ ಹಚ್ಚಿದ್ದರು. ಹಳೆಯ ಕಾಲದ ಚಿತ್ರಗಳನ್ನು ಹುಡುಗಿಯರು ಕ್ರಾಸ್ ಸ್ಟಿಚ್ಚಿನಲ್ಲಿ ಹೊಲಿಯಬೇಕು. ಅಂದರೆ ಬಟ್ಟೆಯ ಎಳೆ ಎಣಿಸಿಕೊಂಡು, ಗುಣಾಕಾರದ ಗುರುತಿನ ಹಾಗೆ ದಾರ ಹಾಯಿಸುತ್ತ ಹೋಗುವುದು. ಇವಳಿಗೆ ಬಂದದ್ದು ಮದ್ರಾಸಿನ ಕೋಟೆ. ಗೋಡೆ, ಬಾವುಟ, ಎದುರಿಗೆ ಸಮುದ್ರ, ಅಲೆಯ ಮೇಲೆ ದೋಣಿಗಳು. ಆದರೆ ಟೀಚರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರಂತೆ: ಬಟ್ಟೆ ಹಳೆಯ ನಕ್ಷೆಯ ಕಾಗದದ ಬಣ್ಣ ಇರಬೇಕು, ಸೋಮವಾರ ತಂದು ತೋರಿಸಬೇಕು. ಸರಿಯಿಲ್ಲದಿದ್ದರೆ ಕೋಟೆ ಬೇರೆ ಹುಡುಗಿಗೆ, ಇವಳಿಗೆ ಮಣ್ಣಿನ ಮಡಕೆ. ಅದೂ ಒಡೆದ ಮಡಕೆ, ಎಲ್ಲೋ ಅಗೆಯುವಾಗ ಸಿಕ್ಕಿದ್ದು. ಒಡೆದ ಮಡಕೆ ಹೊಲಿಯಲು ಅವಳು ಸಿದ್ಧಳಿರಲಿಲ್ಲ. ಶುಕ್ರವಾರ ಊಟ ಮಾಡಲಿಲ್ಲ. ಸೊಸೆ ತವರಿಗೆ ಹೋಗಿದ್ದಳು, ಹಾಗಾಗಿ ಆ ಗ್ರಹಚಾರ ನನ್ನ ತಲೆಗೆ ಬಂತು.

ಶನಿವಾರ ಇಬ್ಬರೂ ಬಸ್ಸು ಹಿಡಿದು ಪ್ಯಾರೀಸ್ ಕಾರ್ನರ್ ಕಡೆಯ ಗೋಡೌನ್ ಸ್ಟ್ರೀಟಿಗೆ ಹೋದೆವು. ಅಲ್ಲಿ ಇಲ್ಲದ ಬಟ್ಟೆಯಿಲ್ಲ. ಎಳೆ ಎಣಿಸಿ ಹೊಲಿಯುವ ಬಟ್ಟೆಗೆ ಮ್ಯಾಟಿ ಅನ್ನುತ್ತಾರೆ. ಚಾಪೆಯ ಹಾಗೆ ನೇಯ್ದದ್ದು, ಸಣ್ಣ ಸಣ್ಣ ಚೌಕ ಕಾಣುತ್ತದೆ. ನಾನು ಯಾವಾಗಲೂ ಬಟ್ಟೆ ಕೊಳ್ಳುವುದು ದಪ್ಪ ನೋಡಿ. ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಇದ್ದುದರಲ್ಲಿ ಗಟ್ಟಿಯಾದದ್ದನ್ನು ತೆಗೆದಿಟ್ಟೆ. ಹುಡುಗಿ ಚೀಲದಿಂದ ಸೂಜಿ ತೆಗೆದು ಉದ್ದಕ್ಕೂ ಅಡ್ಡಕ್ಕೂ ಎಳೆ ಎಣಿಸಿದಳು. ಎರಡೂ ಸಮ ಇರಲಿಲ್ಲ. ಇದರ ಮೇಲೆ ಹೊಲಿದರೆ ಕೋಟೆ ಲೈಟ್‌ಹೌಸ್ ಆಗುತ್ತದೆ ಎಂದಳು. ಸರಿ, ಅವಳು ಹೇಳಿದ್ದೇ ನಿಜ. ಇನ್ನೊಂದು ಎಣಿಸಿದಳು, ಮತ್ತೊಂದು ಎಣಿಸಿದಳು. ಅಂಗಡಿಯವನಿಗೆ ತಾಳ್ಮೆ ತಪ್ಪಿತು.

"ಪಾಟಿಮ್ಮಾ, ಕೋಟ್ಟೈ ಕಟ್ಟಪ್ಪೋರೀಂಗಳಾ, ತುಣಿ ವಾಂಗಪ್ಪೋರೀಂಗಳಾ?"

ಅಜ್ಜೀ, ಕೋಟೆ ಕಟ್ಟುತ್ತೀರಾ, ಬಟ್ಟೆ ಕೊಳ್ಳುತ್ತೀರಾ ಎಂದು. ಕೋಟೆ ಕಟ್ಟಲಿಕ್ಕೇ ಬಂದದ್ದು, ನೀನು ಮುಂದಿನ ಥಾನು ಬಿಚ್ಚು ಎಂದೆ. ಪಕ್ಕದಲ್ಲಿ ರವಿಕೆ ಬಟ್ಟೆ ನೋಡುತ್ತಿದ್ದ ಹೆಂಗಸರು ನಕ್ಕರು. ಅವನೂ ನಕ್ಕು ಬಿಚ್ಚಿದ.

ಎಳೆ ಸಮ ಇರುವುದು ಕೊನೆಗೂ ಸಿಕ್ಕಿತು, ಬಣ್ಣ ಸಿಗಲಿಲ್ಲ. ಬಿಳಿ ಇತ್ತು, ಗಿಳಿಹಸಿರು ಇತ್ತು, ಬಿಸ್ಕತ್ ಕಲರ್ ಎಂದು ಅವನು ಹೊಗಳಿದ್ದು ಬೆಳಕಿಗೆ ತಂದರೆ ಅರಿಸಿನ. ಬಿಳಿಯದನ್ನೇ ಕತ್ತರಿಸಿ ಕೊಡು ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಡುಗಿಯ ಮುಖ ಒಡೆದ ಮಡಕೆಯೇ.

ಬಣ್ಣ ನಾನು ಹಾಕುತ್ತೇನೆ ಎಂದು ಅವಳಿಗೆ ಧೈರ್ಯ ಹೇಳಿದೆ. ಹೋಟೆಲಿನವರ ಮನೆಯಲ್ಲಿ ಕಂದು ಬಣ್ಣಕ್ಕೆ ಬರವೇ? ಕಾಫಿ ಡಿಕಾಕ್ಷನ್ ಬಿದ್ದ ಪಂಚೆಗಳನ್ನು ಒಗೆದೂ ಒಗೆದೂ ನನ್ನ ಕೈ ಸವೆದಿದೆ. ನಮ್ಮ ಮನೆಯಲ್ಲಿ ಕಾಫಿ ಮಾಡುವ ಪದ್ಧತಿಯೇ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ಬೆಳಿಗ್ಗೆ ಮಧ್ಯಾಹ್ನ ಕೆಳಗಿನಿಂದ ಕಾಫಿ ಮಾಸ್ಟರು ಒಂದು ಪಾತ್ರೆ ಡಿಕಾಕ್ಷನ್ ಕಳಿಸುತ್ತಿದ್ದರು, ನಾವು ಹಾಲು ಕಾಯಿಸಿ ಬೆರೆಸಿಕೊಳ್ಳುತ್ತಿದ್ದೆವು, ಅಷ್ಟೆ. ಭಾನುವಾರ ಮಧ್ಯಾಹ್ನ ಬಂದ ಪಾತ್ರೆಯನ್ನು ಹಾಗೇ ಬೋಗುಣಿಗೆ ಸುರಿದು, ಬಟ್ಟೆ ಅದ್ದಿದೆ.

ಅಂದು ಏಕಾದಶಿ. ಬೇರೆ ದಿನವಾಗಿದ್ದರೆ ಒಂದು ಹನಿ ನಾಲಿಗೆಗೆ ಹಾಕಿ ನೋಡುತ್ತಿದ್ದೆ. ಏಕಾದಶಿಯ ದಿನ ನನಗೆ ನೀರು ಬಿಟ್ಟು ಏನೂ ಇಲ್ಲ.

ಹಿಂಡಿ ತೆಗೆದು ತಾರಸಿಯ ಹಗ್ಗಕ್ಕೆ ಹಾಕಿದೆವು. ಬಿಸಿಲಿಗೂ ಸಮುದ್ರದ ಗಾಳಿಗೂ ಬೇಗ ಒಣಗಿತು. ಒಣಗಿದ್ದನ್ನು ಹುಡುಗಿ ನೋಡಿದಳು.

"ಅಜ್ಜಿ, ಇದು ಹಳೇದು ಅಲ್ಲ. ಅಳುಕ್ಕು."

ಅಳುಕ್ಕು ಅಂದರೆ ತಮಿಳಿನಲ್ಲಿ ಕೊಳೆ. ಹೌದು, ಹೋಟೆಲಿನಲ್ಲಿ ಮೇಜು ಒರೆಸುವ ಬಟ್ಟೆಯ ಹಾಗೇ ಇತ್ತು. ಅವಳು ಮೂಲೆಯಲ್ಲಿ ಕೂತು ಅಳತೊಡಗಿದಳು. ಅಳುವವರ ಹತ್ತಿರ ಕೂತು ತಲೆ ಸವರುವುದು ನನಗೆ ಬರುವುದಿಲ್ಲ. ಹಸಿದ ಹೊಟ್ಟೆ ಬೇರೆ. ಕೆಳಗಿಳಿದು ಹೋಗಿ ಸ್ವಲ್ಪ ಅಡ್ಡವಾದೆ.

ಎದ್ದು ಮೇಲೆ ಬಂದಾಗ ಬಟ್ಟೆ ಅಲ್ಲಾಡುತ್ತಿತ್ತು, ಗಾಳಿ ಇರಲಿಲ್ಲ. ಹತ್ತಿರ ಹೋದರೆ ಕೆಂಪಿರುವೆ. ಮೋರಿಯ ಬಾಯಿಂದ ಕಂಬ ಹತ್ತಿ, ಹಗ್ಗದ ಮೇಲೆ ಸಾಲು ಹಿಡಿದು, ಬಟ್ಟೆಯ ಚೌಕ ಚೌಕಕ್ಕೂ ಒಂದೊಂದು ಕೂತಿತ್ತು. ಕೊಡವಲು ಹೋದೆ, ತೋಳಿಗೆ ಏರಿದವು, ಸೀರೆಯೊಳಗೆ ಹೊಕ್ಕವು. ಆ ವಯಸ್ಸಿನಲ್ಲಿ ನಾನು ತಾರಸಿಯ ಮೇಲೆ ಕುಣಿದದ್ದನ್ನು ಪಕ್ಕದ ಲಾಡ್ಜಿನ ಕಿಟಕಿಗಳಿಂದ ಎಷ್ಟು ಜನ ನೋಡಿದರೋ. ಹುಡುಗಿ ಅಳು ಬಿಟ್ಟು ನನ್ನ ಸೆರಗು ಕೊಡವಲು ಬಂದಳು, ಅವಳ ಕಾಲಿಗೂ ಹತ್ತಿದವು. ಇಬ್ಬರೂ ಕುಣಿದೆವು. ಗಲಾಟೆ ಕೇಳಿ ಮಗ ಓಡಿ ಬಂದ, ಬಟ್ಟೆ ನೋಡಿದ, ಬೋಗುಣಿ ನೋಡಿದ, ಗೋಡೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದ.

"ಅಮ್ಮ, ಮನೆಯ ಡಿಕಾಕ್ಷನ್ನಿಗೆ ಸಕ್ಕರೆ ಹಾಕಿಯೇ ಕಳಿಸ್ಲಿಕ್ಕೆ ಮಾಸ್ಟ್ರಿಗೆ ಹೇಳಿದ್ದು ನೀನೇ ಅಲ್ವಾ?"

"ಹೇಳಿದ್ದೆ. ನಗುದು ಸಾಕು, ನಲ್ಲಿ ಬಿಡು ಮಾರಾಯ."

ನಲ್ಲಿಯ ಕೆಳಗೆ ಬಟ್ಟೆ ಹಿಡಿದು ಉಜ್ಜಿದೆವು. ಇರುವೆಗಳು ಹೋದವು, ಸಿಹಿ ಹೋಗಲಿಲ್ಲ; ಮತ್ತೆ ಬಕೆಟಿನಲ್ಲಿ ನೆನೆಸಿ ಹಿಂಡಿದೆವು, ಮತ್ತೆ ಅಂಟಂಟು, ಮತ್ತೆ ಹಿಂಡಿದೆವು. ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಕತ್ತಲಾಗುವ ಮೊದಲು ಬಟ್ಟೆಯನ್ನು ಹೊರಗಿನ ಬೆಳಕಿಗೆ ಬಿಡಿಸಿ ಹಿಡಿದಾಗ ಹುಡುಗಿ ಹತ್ತಿರ ಬಂದು ಅಂಚನ್ನು ಬೆರಳಲ್ಲಿ ಸವರಿದಳು. ಕಪ್ಪು ಕಂದೆಲ್ಲ ಹೋಗಿ ಮಾಸಿದ ಕಾಗದದ ಬಣ್ಣ ಉಳಿದಿತ್ತು. ಮಡಿಚಿದ ಕಡೆ ಗೆರೆ, ಅಂಚಿನಲ್ಲಿ ಸ್ವಲ್ಪ ಗಾಢ, ನಡುವೆ ತೆಳು. ಯಾರೋ ಪೆಟ್ಟಿಗೆಯಲ್ಲಿ ಮಡಿಸಿಟ್ಟು ಮರೆತ ನಕ್ಷೆಯ ಹಾಗೆ.

"ಇದು ದಾನ್ ಅಜ್ಜಿ," ಎಂದಳು. ಇದೇ, ಇದೇ ಎಂದು.

ನಾನು ಆರಿಸಿ ಅದ್ದಿದ್ದೇ ಉಳಿದಿದ್ದರೆ ಅವಳಿಗೆ ಮಡಕೆಯೇ ಗತಿಯಾಗುತ್ತಿತ್ತು. ಇಸ್ತ್ರಿ ಹಾಕುವಾಗ ಕಾಫಿಯ ವಾಸನೆ ಎದ್ದು ನನ್ನ ಖಾಲಿ ಹೊಟ್ಟೆಯನ್ನು ಕೆಣಕಿತು. ಅದನ್ನು ತಡೆದುಕೊಂಡೇ ಅಂಚಿನ ಸೊಟ್ಟ ಪಟ್ಟಿ ಕತ್ತರಿಸಿ ತೆಗೆದು, ಎಳೆ ಬಿಚ್ಚದಂತೆ ಮಡಿಚಿ ಹೊಲಿದೆ.

ಸೋಮವಾರ ಸಂಜೆ ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಒಳಗೆ ನುಗ್ಗಿದಳು. ಕೋಟೆ ಅವಳದೇ. ಇಂಥ ಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಟೀಚರು ಕೇಳಿದರಂತೆ. ನೀನು ಏನು ಹೇಳಿದೆ ಎಂದೆ. ಅಜ್ಜಿಯ ಸೀಕ್ರೆಟ್ ಎಂದು ಹೇಳಿದ್ದಾಳೆ. ಮಗನ ಸುಳ್ಳು ಹುಟ್ಟಿದ್ದು ಅಲ್ಲಿಂದಲೇ. ಆ ರಾತ್ರಿ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನಾನೂ.

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ, ಕತ್ತರಿಸಿ ಉಳಿದಿದ್ದ ಸೊಟ್ಟ ಪಟ್ಟಿಯನ್ನು ಹುಡುಕಿ ತೆಗೆದು, ಸೂಜಿಗೆ ನೀಲಿ ದಾರ ಪೋಣಿಸಿ, ಕಿಟಕಿಯ ಹತ್ತಿರ ಕೂತು ಒಂದು ದೋಣಿ ಹೊಲಿದೆ. ಅದು ಎಮ್ಮೆಯ ಹಾಗೆ ಬಂತು. ಬಿಚ್ಚಿ ಮತ್ತೆ ಶುರು ಮಾಡಿದೆ.