ಜೋಕಾಲಿ ಪಕ್ಕದ ಖಾಲಿ ಗೂಟ

ಬಿಸಿಲು ಇನ್ನೂ ಬೆಟ್ಟದ ನೆತ್ತಿಯ ಹಿಮದ ಮೇಲೆಯೇ ಇದೆ, ಕೆಳಗಿಳಿದಿಲ್ಲ. ಬಿಷ್ಕೆಕ್ ನಗರದ ದಕ್ಷಿಣದಂಚಿನ ‘ಕೊಕ್ ಬುಲುತ್’ ಉದ್ಯಾನದ ದೊಡ್ಡ ಗೇಟಿಗೆ ಹಾಕಿದ ಬೀಗ ಹಾಗೇ ಇದೆ. ಒಳಗೆ ಗಿರಗಿರ ಸುತ್ತುವ ಸರಪಳಿ ಜೋಕಾಲಿಯ ಎದುರು ನಿಂತು, ಇಬ್ಬನಿಯಲ್ಲಿ ನೆನೆದ ಖಾಲಿ ಆಸನಗಳಿಗೆ ಇಪ್ಪತ್ತರ ಹುಡುಗಿಯೊಬ್ಬಳು ಕೂಗಿ ಹೇಳುತ್ತಿದ್ದಾಳೆ: “ಅಡ್ಡಸರಳು ಬಿಡಬೇಡಿ! ತಲೆ ಮೇಲೆ ಏನೂ ಇರಬಾರದು!”

ದೂರದ ಬೇಲಿಯ ಬಳಿ ಬೆಂಚಿನ ಮೇಲೆ, ಚಹಾದ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸು ಕಿವಿಗೆ ಕೈ ಆನಿಸುತ್ತಾಳೆ. “ಏನಂದೆ? ನನಗೆ ಗುಬ್ಬಚ್ಚಿ ಕೆಮ್ಮಿದ ಹಾಗೆ ಕೇಳಿಸ್ತು!”

ಹುಡುಗಿ ಇನ್ನೊಮ್ಮೆ ಕೂಗುತ್ತಾಳೆ. ಈ ಸಲ ಪಕ್ಕದ ಮರದ ಕಾಗೆಗಳು ಎದ್ದು ಹಾರುತ್ತವೆ. “ಹಾಂ, ಕಾಗೆಗೆ ಕೇಳಿಸ್ತು. ಇನ್ನು ಮನುಷ್ಯರಿಗೂ ಕೇಳಿಸೀತು. ಬಾ, ಚಹಾ ಕುಡಿ” ಎನ್ನುತ್ತಾಳೆ ಹೆಂಗಸು.

ಹುಡುಗಿಯ ಹೆಸರು ಬುರುಲ್ಚಾ. ಬೆಟ್ಟಸೀಮೆ ನಾರಿನ್ ಕಡೆಯ ಕುರಿಗಾರನ ಮಗಳು. ಪ್ರವಾಸೋದ್ಯಮ ಓದುವ ಕಾಲೇಜಿನಿಂದ ಬೇಸಿಗೆಯ ಇಂಟರ್ನ್‌ಶಿಪ್‌ಗೆಂದು ಇಲ್ಲಿಗೆ ಬಂದವಳು. ಬೆಂಚಿನ ಮೇಲಿರುವ ತುರ್ದುಕಾನ್ ಈ ಜೋಕಾಲಿಯ ಆಪರೇಟರ್, ಅವಳಿಗೆ ಕೆಲಸ ಕಲಿಸಿದವಳು. ಉದ್ಯಾನವನ್ನು ಬೇಸಿಗೆಯ ಹುಲ್ಲುಗಾವಲಿನ ಬಿಡಾರದಂತೆ ಕಟ್ಟಿದ್ದಾರೆ. ಜಾರುಬಂಡೆಗಳಿಗೆ ಹದ್ದಿನ ರೆಕ್ಕೆ, ತಿಂಡಿ ಅಂಗಡಿಗಳಿಗೆ ಉಣ್ಣೆ ಗುಡಾರದ ವೇಷ. ಜೋಕಾಲಿಯ ಮೇಲ್ಚಾವಣಿಯೂ ಗುಡಾರದ ನೆತ್ತಿಯಂತೆಯೇ ಇದೆ, ಆಸನಗಳು ಅದರಿಂದ ಸರಪಳಿಯಲ್ಲಿ ಇಳಿಬಿದ್ದಿವೆ. ಬಂದವರು ಆ ಚಾವಣಿಯ ಚಿತ್ರ ತೆಗೆದುಕೊಳ್ಳುತ್ತಾರೆ. ಗುಂಡಿ ಒತ್ತುವವರ ಮುಖ ಯಾರ ಚಿತ್ರದಲ್ಲೂ ಬರುವುದಿಲ್ಲ.

ಚಹಾ ಮುಗಿಸಿ ಬುರುಲ್ಚಾ ಆಸನಗಳನ್ನು ಒರೆಸುತ್ತಾಳೆ, ಒಂದೊಂದು ಸರಪಳಿಯನ್ನೂ ಜಗ್ಗಿ ನೋಡುತ್ತಾಳೆ, ಖಾಲಿ ಜೋಕಾಲಿಯನ್ನು ಒಮ್ಮೆ ತಿರುಗಿಸಿ ಕಣ್ಣು ಮುಚ್ಚಿ ಸದ್ದು ಆಲಿಸುತ್ತಾಳೆ. ಕೊನೆಗೆ ಕೈ ತೊಳೆದು, ಬೇರೆಯದೇ ಒಂದು ಬಿಳಿ ಬಟ್ಟೆ ತೆಗೆದುಕೊಂಡು ಜೋಕಾಲಿಯ ಗೇಟಿನ ಪಕ್ಕದ ಹಲಗೆಯ ಮುಂದೆ ತುದಿಗಾಲಲ್ಲಿ ನಿಲ್ಲುತ್ತಾಳೆ. ಹಲಗೆ ಎತ್ತರದಲ್ಲಿದೆ. ಅದರಲ್ಲಿ ಮರದ ಗೂಟಗಳ ಸಾಲು, ಸಾಲಿನ ಮೇಲೆ ಒಂಟಿಯಾಗಿ ಇನ್ನೊಂದು ಗೂಟ. ಎಲ್ಲವನ್ನೂ ಒರೆಸುತ್ತಾಳೆ. ಮೇಲಿನದಕ್ಕೆ ಕೈ ಎಟುಕುವುದಿಲ್ಲ, ಸ್ಟೂಲು ಹತ್ತುತ್ತಾಳೆ.

ಈ ಗೂಟಗಳು ಬಂದದ್ದು ಅವಳ ತಪ್ಪಿನಿಂದ. ಆ ಮಾತನ್ನು ಅವಳು ಮುಚ್ಚಿಡುವುದಿಲ್ಲ, ಎತ್ತಿದಾಗ ಮಾತ್ರ ದೃಷ್ಟಿ ನೆಲಕ್ಕಿಳಿಯುತ್ತದೆ.

ಬುರುಲ್ಚಾ ಬೆಳೆದ ಮನೆಯಲ್ಲಿ ಚಹಾ ಬಗ್ಗಿಸುವುದು ಹೆಣ್ಣುಮಕ್ಕಳ ಕೆಲಸ. ಬಟ್ಟಲು ಅರ್ಧವೇ ತುಂಬಬೇಕು, ಖಾಲಿಯಾಗುವ ಮೊದಲೇ ಮತ್ತೆ ಬಗ್ಗಿಸಬೇಕು, ಹಿರಿಯರ ಮಾತಿನ ನಡುವೆ ಉಸಿರೂ ಕೇಳಿಸಬಾರದು. “ಮನೆ ತುಂಬ ನೆಂಟರಿದ್ರೂ ನಾನು ಅಲ್ಲಿದ್ದೆ ಅಂತ ಒಬ್ಬರಿಗೂ ಗೊತ್ತಾಗ್ತಿರಲಿಲ್ಲ. ನಮ್ಮಪ್ಪ ಅದನ್ನೇ ಹೊಗಳಿ ಹೇಳ್ತಿದ್ರು” ಎನ್ನುತ್ತಾಳೆ. ಜೋಕಾಲಿಯ ಬಳಿ ನಿಲ್ಲುವವಳನ್ನು ಮಾತ್ರ ಎಲ್ಲರೂ ಗಮನಿಸಬೇಕು, ಅವಳ ಮಾತು ಎಲ್ಲರಿಗೂ ಕೇಳಬೇಕು. ಬಂದ ಹೊಸತರಲ್ಲಿ ಅವಳು ಸಾಲಿನವರಿಗೆ ಏನು ಹೇಳುತ್ತಿದ್ದಳೋ ಸಾಲಿನ ಮೊದಲನೆಯವನಿಗೂ ತಿಳಿಯುತ್ತಿರಲಿಲ್ಲ.

ಜುಮಾದಿಲ್ ಎಂಬ ವೃದ್ಧರು ಮೊಮ್ಮಗಳೊಂದಿಗೆ ಬಂದದ್ದು ಆಗಲೇ. ತಲೆಯ ಮೇಲೆ ಬಿಳಿ ಉಣ್ಣೆಯ ಎತ್ತರದ ಟೋಪಿ, ಕಲ್ಪಾಕ್. ಇಲ್ಲಿನ ಗಂಡಸರಿಗೆ ಅದೇ ಮಾನ. ಜೋಕಾಲಿ ಹತ್ತುವಾಗ ತಲೆಯ ಮೇಲೆ ಏನೂ ಇರಬಾರದೆಂಬ ನಿಯಮ ಬುರುಲ್ಚಾಳಿಗೆ ಬಾಯಿಪಾಠವಾಗಿತ್ತು. ಆದರೆ ಬಿಳಿಗಡ್ಡದವರಿಗೆ ಕಲ್ಪಾಕ್ ತೆಗೆಯಿರಿ ಎಂದು ಹೇಳುವ ನಾಲಿಗೆ ಅವಳಲ್ಲಿ ಇರಲಿಲ್ಲ. ಕೀಲಿ ತಿರುಗಿಸಿ ಗುಂಡಿ ಒತ್ತಿಬಿಟ್ಟಳು.

ಜೋಕಾಲಿ ಮೇಲೇರಿತು. ಬೆಟ್ಟದ ಕಡೆಯ ಗಾಳಿ ಕಲ್ಪಾಕನ್ನು ಎತ್ತಿತು. ಅಜ್ಜ ಎರಡೂ ಕೈ ಬಿಟ್ಟು, ಆಸನದಿಂದ ಅರ್ಧ ಹೊರಕ್ಕೆ ತಿರುಗಿ ಅದನ್ನು ಹಿಡಿಯಹೋದರು. ಟೋಪಿ ತಪ್ಪಿತು, ತೋಳು ಪಕ್ಕದ ಆಸನದ ಸರಪಳಿಗೆ ಸಿಕ್ಕಿಕೊಂಡಿತು. ಬುರುಲ್ಚಾಳ ಕೈಯಳತೆಯಲ್ಲೇ ವೇಗ ಇಳಿಸುವ ಗುಂಡಿಯಿತ್ತು.

ಅವಳು ಅದನ್ನು ಒತ್ತದೆ ಟೋಪಿಯ ಹಿಂದೆ ಓಡಿದಳು. ಕಲ್ಪಾಕ್ ನೆಲಕ್ಕೆ ಬೀಳಬಾರದು. ಹುಟ್ಟಿದಾಗಿನಿಂದ ಕಾಲಿಗೆ ಗೊತ್ತಿದ್ದ ಮಾತು ಅದು, ಕಾಲು ತಾನಾಗಿ ಓಡಿತು. ಬೇಲಿಯ ಹತ್ತಿರ ಎರಡೂ ಕೈ ಚಾಚಿ, ಮಣ್ಣಿನಿಂದ ಗೇಣುದ್ದ ಮೇಲೆ ಅದನ್ನು ಹಿಡಿದಳು. ಸಾಲಿನಲ್ಲಿದ್ದವರು “ಭಲೇ ಮಗಳೇ!” ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಟಿಕೆಟ್ ಕಿಟಕಿಯಿಂದ ಓಡಿಬಂದ ತುರ್ದುಕಾನ್ ಜೋಕಾಲಿಯನ್ನು ಇಳಿಸಿದ್ದಳು. ಅಷ್ಟು ಹೊತ್ತಿಗೆ ಒಂದು ಸುತ್ತು ಹೆಚ್ಚಾಗಿತ್ತೆಂದು ತುರ್ದುಕಾನ್‌ಳ ನೆನಪು, ಎರಡು ಸುತ್ತೆಂದು ಬುರುಲ್ಚಾಳದು. ಯಾವುದು ಸರಿ ಎಂದು ಈಗ ಹೇಳುವವರಿಲ್ಲ. ಅಜ್ಜನ ಬಲಭುಜ ಕಳಚಿ ನರಕ್ಕೆ ಪೆಟ್ಟಾಗಿತ್ತು.

“ಕಲ್ಪಾಕ್ ಮೇಲೆ ಒಂದು ಚೂರು ಧೂಳಿರಲಿಲ್ಲ. ಅದನ್ನ ಹಿಡಿದುಕೊಂಡು ನಿಂತಿದ್ದೆ. ಎದುರಿಗೆ ಅವರು ನೋವಿಗೆ ಹಲ್ಲು ಕಚ್ಚಿ ಕೂತಿದ್ರು” ಎನ್ನುತ್ತಾಳೆ ಬುರುಲ್ಚಾ.

ಅಂದೇ ತುರ್ದುಕಾನ್ ಅವಳ ಕೊರಳಿನಿಂದ ಕೀಲಿಯ ದಾರ ತೆಗೆದುಕೊಂಡಳು. ಕೀಲಿ ಕೈಯಲ್ಲಿಲ್ಲದಿದ್ದರೆ ತರಬೇತಿ ಪೂರ್ತಿಯಾಗುವುದಿಲ್ಲ, ಕಾಲೇಜಿನ ಒಂದು ವರ್ಷ ಹೋಗುತ್ತದೆ. ವರ್ಷ ಹೋದರೆ ಊರಿಗೆ ವಾಪಸು ಎಂದು ಅಪ್ಪ ಮೊದಲೇ ಹೇಳಿದ್ದರು. ಬುರುಲ್ಚಾ ಅಂಗಲಾಚಲಿಲ್ಲ. ರೊಟ್ಟಿ ಕಟ್ಟಿಕೊಂಡು ಜುಮಾದಿಲ್ ಅಜ್ಜನ ಮನೆಗೆ ಹೋದಳು.

ತೋಳನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಕುಳಿತಿದ್ದ ಅಜ್ಜ ಅವಳನ್ನು ಕಂಡೊಡನೆ ಮಗನಿಗೆ ಕೂಗಿ ಹೇಳಿದರಂತೆ: “ನೋಡೋ, ನನ್ನ ಟೋಪಿ ಕಾದು ನನ್ನನ್ನ ಬಿಟ್ಟವಳು ಬಂದಿದ್ದಾಳೆ. ಚಹಾ ಕೊಡಿ!”

ಬುರುಲ್ಚಾ ಅಳುತ್ತ, “ಹೇಳಬೇಕಿತ್ತು ಅತಾ. ಹೇಳೋಕೆ ಬಾಯಿ ಬರಲಿಲ್ಲ. ನಿಮಗೆ ಅವಮಾನ ಆಗುತ್ತೆ ಅಂತ” ಎಂದಳು. ಇಲ್ಲಿ ಹಿರಿಯ ಗಂಡಸರನ್ನೆಲ್ಲ ಅತಾ ಎಂದೇ ಕರೆಯುವುದು.

“ಹೇಳಿದ್ರೆ ಬೈತಿದ್ದೆ.”

“ಗೊತ್ತು ಅತಾ.”

“ಬಾಯಿಗೆ ಬಂದ ಹಾಗೆ ಬೈತಿದ್ದೆ. ಬೈದಾದ ಮೇಲೆ ತೆಗೆದು ಕೊಡ್ತಿದ್ದೆ.” ಅಜ್ಜ ಎಡಗೈಯಿಂದ ಬಟ್ಟಲೆತ್ತಿ ಒಂದು ಗುಟುಕು ಕುಡಿದರು. “ನನ್ನ ಬೈಗುಳ ತಡ್ಕೊಂಡಿದ್ರೆ ಮುಗೀತಿತ್ತು ಮಗಳೇ. ಈಗ ಈ ತೋಳನ್ನ ನಾನು ತಡ್ಕೋಬೇಕು.”

ಅವಳು ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದೇನು ಎಂದು ಮುಂದೊಂದು ದಿನ ಕಾಲೇಜಿನವರು ಕೇಳಿದಾಗ, ಗ್ರಾಹಕ ಸೇವೆ, ಯಂತ್ರಗಳ ಸುರಕ್ಷತೆ ಎಂದೆಲ್ಲ ಹೇಳಿದಳು. ಅದೂ ಸುಳ್ಳಲ್ಲ. ಆದರೆ ತುರ್ದುಕಾನ್ ಪಕ್ಕದಲ್ಲಿ ಕುಳಿತಾಗ ಅವಳು ಮತ್ತೆ ಮತ್ತೆ ಹೇಳುವುದು ಚಹಾ ಕುಡಿಯುತ್ತ ಅಜ್ಜ ಅಂದ ಆ ಮಾತನ್ನೇ.

ಅಜ್ಜನನ್ನು ನೋಡಿ ಬಂದ ಮರುದಿನದಿಂದ ಅವಳಿಗೆ ಜೋಕಾಲಿಯ ಗೇಟಿನ ಕೆಲಸ, ಬಂದವರಿಂದ ಟೋಪಿ ಕೇಳಿ ಪಡೆಯುವುದಷ್ಟೇ. ಉದ್ಯಾನದ ಬಡಗಿಯ ಬೆನ್ನುಬಿದ್ದು, ಯಾರ ತಲೆಗಿಂತಲೂ ಮೇಲಿರುವಂತೆ ಹಲಗೆ ಹೊಡೆಸಿದಳು. ಕಲ್ಪಾಕ್ ಕೆಳಗಿಡುವ ವಸ್ತುವಲ್ಲ, ಹಿರಿಯರಿಗೆ ಅದು ಹೋಗುವ ಜಾಗ ಕಣ್ಣಿಗೆ ಕಾಣಬೇಕು. “ಎರಡೂ ಕೈ ಚಾಚು” ಎಂದು ತುರ್ದುಕಾನ್ ಹೇಳಿಕೊಟ್ಟಳು. “ಕೈಯಲ್ಲಿ ಮರ್ಯಾದೆ ಇರಲಿ. ಗಂಟಲಲ್ಲಿ ಮಾತ್ರ ಬೇಡ, ಅಲ್ಲಿ ಗಾಳಿ ಇರಲಿ.” ಬೆಳಗಿನ ಕೂಗಾಟ ಶುರುವಾದದ್ದೂ ಆಗಲೇ. ಮೊದಮೊದಲು ಕಸ ಗುಡಿಸುವವರೆಲ್ಲ ಪೊರಕೆ ಊರಿ ನಿಂತು ನಗುತ್ತಿದ್ದರು.

ತರಬೇತಿಯ ಕೊನೆಯ ವಾರ ತುರ್ದುಕಾನ್ ಒಂದು ದಿನದ ಮಟ್ಟಿಗೆ ಕೀಲಿ ಕೊಟ್ಟಳು. ಅದೇ ಮಧ್ಯಾಹ್ನ ಮದುವೆಯ ದಿಬ್ಬಣವೊಂದು ಬಂತು. ಕುಟುಂಬದ ಹಿರಿಯರೊಬ್ಬರು, ಕಸೂತಿಯ ಕಲ್ಪಾಕ್ ತೊಟ್ಟ ಭಾರಿ ಆಳು, ವಧೂವರರ ಹಿಂದೆಯೇ ಆಸನದಲ್ಲಿ ಕೂತರು. ಬುರುಲ್ಚಾ ಹತ್ತಿರ ಹೋಗಿ ಎರಡೂ ಕೈ ಚಾಚಿದಳು.

“ಅತಾ, ಕಲ್ಪಾಕ್ ಕೊಡಿ. ಅಗೋ, ಆ ಗೂಟದ ಮೇಲಿಡ್ತೀನಿ.”

“ಮಂತ್ರಿಗಳ ಮನೇಲೂ ನಾನಿದನ್ನ ತೆಗೆದವನಲ್ಲ. ಯಾರ ಮಗಳು ನೀನು?”

“ಕುರಿಗಾರನ ಮಗಳು ಅತಾ.”

“ಕುರಿಗೆ ಹೇಳಿದ ಹಾಗೆ ನನಗೆ ಹೇಳ್ತೀಯಾ?”

ಸಾಲಿನಿಂದ ಹುಡುಗನೊಬ್ಬ ಕೂಗಿದ: “ಅಕ್ಕಾ, ಬೇಗ ತಿರುಗಿಸು! ಮದುಮಕ್ಕಳಿಗೆ ಮೊಮ್ಮಕ್ಕಳಾಗುತ್ವೆ ಇಲ್ಲೇ!” ನಗು ಎದ್ದಿತು. ಹಿರಿಯರ ಮುಖ ಕೆಂಪಾಯಿತು, ದನಿ ಏರಿತು. ಈಗಿನ ಕಾಲದ ಹುಡುಗಿಯರು, ಹೆತ್ತವರ ಸಂಸ್ಕಾರ, ಕಾಲೇಜು, ಎಲ್ಲವೂ ಬಂದವು. ಕೀಲಿ ಬುರುಲ್ಚಾಳ ಕೊರಳಲ್ಲಿತ್ತು. ಚಾಚಿದ ಕೈ ಹಿಂದೆ ಸರಿಯಲಿಲ್ಲ.

“ಬೈಯಿರಿ ಅತಾ” ಎಂದಳು, ಬೇಲಿಯವರೆಗೂ ಕೇಳುವಂತೆ. “ಬೈದು ಮುಗಿದ ಮೇಲೆ ಕೊಡಿ. ಅಲ್ಲಿವರೆಗೂ ಜೋಕಾಲಿ ಏಳಲ್ಲ.”

ಅವರು ಇನ್ನೂ ಸ್ವಲ್ಪ ಹೊತ್ತು ಬೈದರು. ಆಮೇಲೆ ಕಲ್ಪಾಕ್ ತೆಗೆದು ಅವಳ ಅಂಗೈಗಳ ಮೇಲಿಟ್ಟರು.

ತುರ್ದುಕಾನ್ ಟಿಕೆಟ್ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು, ಎದ್ದು ಬಂದಿರಲಿಲ್ಲ. ಸಂಜೆ ಬುರುಲ್ಚಾ ದಾರ ಬಿಚ್ಚಿ ಕೀಲಿ ಚಾಚಿದಾಗ, ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಹೇಳಿದಳು: “ಅದನ್ನ ನನಗ್ಯಾಕೆ ಕೊಡ್ತೀಯಾ? ನಾಳೆ ಬೆಳಿಗ್ಗೆ ನಾನು ತಡವಾಗಿ ಬರ್ತೀನಿ.”

ಕಾಲೇಜಿಗೆ ಬೇಕಾದ ಸಹಿ ಸಿಕ್ಕಿದೆ. ಅವಳ ಓದಿನ ವರ್ಷ ಹಾಳಾಗಲಿಲ್ಲ. ಚಳಿ ಬಂದು ಜೋಕಾಲಿಗೆ ಹೊದಿಕೆ ಬೀಳುವವರೆಗೆ, ತರಗತಿಯಿಲ್ಲದ ದಿನಗಳಲ್ಲಿ ಕೆಲಸಕ್ಕೆ ಬರಲು ಉದ್ಯಾನದವರು ಹೇಳಿದ್ದಾರೆ. ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ, “ಯಾಕಿಷ್ಟು ಜೋರಾಗಿ ಮಾತಾಡ್ತೀಯಾ?” ಎಂದು ಅವರು ಕೇಳಿದರಂತೆ.

ಜುಮಾದಿಲ್ ಅಜ್ಜನ ತೋಳು ಇನ್ನೂ ಸರಿಹೋಗಿಲ್ಲ. ಭುಜದ ಮಟ್ಟದಿಂದ ಮೇಲೇಳುವುದಿಲ್ಲ. ಕಲ್ಪಾಕನ್ನು ಈಗ ಸೊಸೆ ತೊಡಿಸುತ್ತಾಳೆ. ಪೂರ್ತಿ ಗುಣವಾಗುತ್ತದೆಂದು ವೈದ್ಯರೂ ಹೇಳಿಲ್ಲ, ಇಲ್ಲಿ ಹಾಗೆ ಬರೆದು ಸಮಾಧಾನಪಡಿಸುವಂತಿಲ್ಲ. ರಜೆಯ ದಿನ ಬುರುಲ್ಚಾ ಅವರ ಮನೆಗೆ ಹೋಗುತ್ತಾಳೆ, ಚಹಾ ಬಗ್ಗಿಸುತ್ತಾಳೆ, ವೈದ್ಯರು ಹೇಳಿದಂತೆ ತೋಳನ್ನು ಮೆಲ್ಲಗೆ ಎತ್ತಿಸುತ್ತಾಳೆ. ಸಾಕು ಬಿಡೆಂದು ಅಜ್ಜ ಬೈಯುತ್ತಾರೆ. ಇನ್ನೊಂದು ಸಲ ಅತಾ, ಎಂದು ಅವಳು ಬಿಡುವುದಿಲ್ಲ.

ಬಿಸಿಲು ಈಗ ಜೋಕಾಲಿಯ ನೆತ್ತಿಗೆ ಇಳಿದಿದೆ. ದೊಡ್ಡ ಗೇಟು ತೆರೆದ ಸದ್ದು ಕೇಳುತ್ತದೆ. ಎಷ್ಟೇ ಜನ ಬಂದರೂ ಮೇಲಿನ ಒಂಟಿ ಗೂಟಕ್ಕೆ ಅವಳು ಯಾರ ಕಲ್ಪಾಕನ್ನೂ ಹಾಕುವುದಿಲ್ಲ. ಕೇಳಿದರೆ ಸ್ಟೂಲಿನಿಂದ ಇಳಿಯುತ್ತ ಹೇಳುತ್ತಾಳೆ: “ಅದು ಜುಮಾದಿಲ್ ಅತಾದು. ಅವರು ಜೋಕಾಲಿ ಹತ್ತದಿದ್ರೂ ಪರವಾಗಿಲ್ಲ. ಇಲ್ಲಿಗೆ ಬಂದು, ಬಲಗೈ ಎತ್ತಿ, ತಾವೇ ತೆಗೆದು ನನ್ನ ಕೈಗೆ ಕೊಡ್ಬೇಕು. ಬೈಕೊಂಡೇ ಕೊಡ್ಲಿ.”