ಆಯೇರಿಗೆ ನಿಂತವಳು

ದಿಗ್ಗೇವಾಡಿಯ ಹೊಳೆವ್ವ ಸಿನಿಮಾದಲ್ಲಿ ಪ್ರಶಸ್ತಿ ಗೆದ್ದಿದ್ದಾಳೆ, ಧಾರಾವಾಹಿಯಲ್ಲಿ ಅತ್ತೆಯಾಗಿ ನಾಡಿನ ಸೊಸೆಯರನ್ನೆಲ್ಲ ನಡುಗಿಸಿದ್ದಾಳೆ. ಆದರೂ ಕಬ್ಬಿನ ಹಂಗಾಮು ಮುಗಿದೊಡನೆ ಅಥಣಿ, ರಾಯಬಾಗದ ಹಳ್ಳಿ ನಾಟಕಗಳಿಗೆ ತಪ್ಪದೆ ಬರುತ್ತಾಳೆ. ಬಣ್ಣ ತಾನೇ ಹಚ್ಚಿಕೊಳ್ಳುತ್ತಾಳೆ. ತಾಲೀಮಿಗೆ ತಡವಾಗಿ ಬಂದವರನ್ನು ಮರಾಠಿಯಲ್ಲಿ ಬೈದು, ಕನ್ನಡದಲ್ಲಿ ಕರೆದು ಚಹಾ ಕುಡಿಸುತ್ತಾಳೆ. ಅಳುವ ಮಾತು ಮುಗಿಸಿ ಕಿವಿಗೊಟ್ಟಂತೆ ನಿಲ್ಲುವ ಅವಳ ಮೌನವನ್ನು ವಿಮರ್ಶಕರು ಕೊಂಡಾಡಿದರೆ ನಗುತ್ತಾಳೆ: “ನಮ್ಮ ಕಡೆ ಅತ್ತ ಕೂಡ್ಲೇ ನಾಟಕ ನಿಲ್ಲಿಸಿ, ಆಯೇರಿ ಅಂತ ಉಡುಗೊರಿ ಕೊಟ್ಟವರ ಹೆಸರು ಮೈಕಿನ್ಯಾಗ ಕೂಗ್ತಾರ್ರಿ. ನಿಂತು ನಿಂತು ರೂಢಿ ಆಗೇತಿ.” ಆ ಹೆಸರುಗಳ ನಡುವೆ ತಾನು ಕಾಯುತ್ತಿದ್ದುದು ಒಂದೇ ಹೆಸರಿಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅವಳು ಬಣ್ಣ ಹಚ್ಚಿದಂದಿನಿಂದ ಮುನಿದಿದ್ದ ಅಪ್ಪ ಭೀಮಸಿ ಅವಳ ಒಂದು ನಾಟಕವನ್ನೂ ನೋಡಿರಲಿಲ್ಲ. ಹೋದ ವರ್ಷ ಐಗಳಿಯ ನಾಟಕದಲ್ಲಿ ಅವಳು ಅತ್ತು ನಿಂತಾಗ ಮೈಕು ಕೂಗಿತು: “ದಿಗ್ಗೇವಾಡಿ ಭೀಮಸಿ ಅವರಿಂದ ಮಗಳಿಗೆ ಒಂದು ಇಳಕಲ್ ಸೀರಿ!” ಹೊಳೆವ್ವನಿಗೆ ಜೀವನದಲ್ಲಿ ಮೊದಲ ಸಲ ಮುಂದಿನ ಮಾತು ಮರೆತುಹೋಯಿತು. ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕುಳಿತಿದ್ದ ಅಪ್ಪ ಕಣ್ಣೊರೆಸಿಕೊಳ್ಳುತ್ತಲೇ ಗದರಿದ: “ಹೇಳ ಬೇ ಮುಂದ, ಮಂದಿ ಕಾಯಾಕತ್ತಾರ!”